ನಿತ್ಯಜೀವನದಲ್ಲಿ ದೈವಪ್ರೇರಣೆ



ಕ್ರಿಸ್ತನ ತತ್ತ್ವಗಳನ್ನನುಸರಿಸಿ ನಿತ್ಯಜೀವನವನ್ನು ನಡೆಸುವುದು ಹೇಗೆ, ದಿನದಿನದ ಕೆಲಸದಲ್ಲಿ ದೇವರ ಪ್ರೇರಣೆಯನ್ನು ಗುರುತಿಸುವುದು ಹೇಗೆ ಎಂಬುದು ಈ ಹೊತ್ತಿನ ವಿಷಯ. ಇಂಥ ವಿಷಯವನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಆರಾಧನೆಯ ಮಂದಿರದಿಂದ ಹೊರಡುತ್ತಾರೆ. ನಾವು ಬದನವಾಳಿನಿಂದ ಹೊರಡುತ್ತೇವೆ. ಏಕೆಂದರೆ, ಪ್ರಾರ್ಥನೆಯೆಂದರೆ ಕೇಳುವುದು ಮಾತ್ರವಲ್ಲ, ಕೇಳಿಸಿಕೊಳ್ಳುವುದೂ ಹೌದು ಎಂಬ ಪಾಠವನ್ನು ನಮಗೆ ಕಲಿಸಿದ್ದು ಆ ಊರು.

ಬದನವಾಳು ನಂಜನಗೂಡು ತಾಲ್ಲೂಕಿನ ಒಂದು ಗ್ರಾಮ. 1927ನೆಯ ಇಸವಿಯಲ್ಲಿ ಗಾಂಧೀಜಿಯವರು ದೇಹಸ್ವಾಸ್ಥ್ಯಕ್ಕಾಗಿ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ಕೆಲವು ತಿಂಗಳು ತಂಗಿದ್ದರಷ್ಟೆ. ಅದೇ ವರ್ಷ ಬದನವಾಳಿನಲ್ಲಿ ಖಾದಿ ಕೇಂದ್ರ ಪ್ರಾರಂಭವಾಯಿತು. ಸಮೀಪದ ತಗಡೂರಿನ ರಾಮಚಂದ್ರರಾಯರಂಥ ನಿಷ್ಠಾವಂತರ ದುಡಿಮೆಯಿಂದ ಆ ಸೀಮೆಯಲ್ಲಿ ಚರಕ ಬೇರೂರಿತು. ಗಾಂಧೀಜಿ ಸ್ವತಃ ಬಂದು ಹೋದ ಊರು ಅದು. ಮಳೆ ಕೈಕೊಟ್ಟ ವರ್ಷಗಳಲ್ಲಿ ಹೊಲದ ಕೆಲಸವಿಲ್ಲದ ಹೆಂಗಸರು ಹಂಜಿಯನ್ನು ಹಿಡಿದು ನೂಲು ತೆಗೆದು, ಆ ನೂಲಿನ ಲಡಿಯನ್ನು ಕೊಟ್ಟು, ಮನೆಗೆ ಉಪ್ಪು ರಾಗಿ ಕೊಂಡರು. ಹಂಜಿ, ಲಡಿ, ಹಾಸು, ಹೊಕ್ಕು ಎಂಬ ಮಾತುಗಳು ಪಟ್ಟಣದಲ್ಲಿರುವ ನಮಗೆ ಈಗ ನಿಘಂಟಿನ ಮಾತುಗಳಾಗಿವೆ. ಅಲ್ಲಿ ಅವು ಅನ್ನದ ಮಾತುಗಳಾಗಿದ್ದವು.

ಸುವಾರ್ತೆಯಲ್ಲಿ ನೂಲುವ ಮಾತು ಒಂದು ಕಡೆ ಬರುತ್ತದೆ. ಪರ್ವತ ಪ್ರಸಂಗದಲ್ಲಿ ಯೇಸುಸ್ವಾಮಿಯು ಅಡವಿಯ ಹೂಗಳನ್ನು ತೋರಿಸಿ, ದುಡಿಯದೆ ನೂಲದೆ ಇರುವ ಅವುಗಳಿಗೆ ದೊರೆ ಸೊಲೊಮೋನನಿಗೂ ಇಲ್ಲದ ಉಡುಗೆಯನ್ನು ದೇವರು ಉಡಿಸಿದ್ದಾನೆಂದು ತಿಳಿಸುತ್ತಾನೆ. ಉಡುವುದನ್ನು ಕುರಿತು ಚಿಂತಿಸಬೇಡಿರೆಂಬುದು ಆ ಮಾತಿನ ತಾತ್ಪರ್ಯ. ನಾವು ಚಿಕ್ಕಂದಿನಿಂದ ಈ ಭಾಗವನ್ನು ಎಷ್ಟು ಸಲ ಓದಿದ್ದೇವೆಯೋ ಲೆಕ್ಕವಿಲ್ಲ. ಆದರೆ ಆ ಮಾತನ್ನು ಕೇಳುತ್ತಿದ್ದ ಗಲಿಲಾಯದ ಗುಂಪಿನಲ್ಲಿ ಮನೆಯಲ್ಲಿ ನೂಲುತ್ತಿದ್ದ ಹೆಂಗಸರು ಇದ್ದಿರಲೇಬೇಕು ಎಂಬುದು ಬಹುಕಾಲ ನಮಗೆ ಹೊಳೆದಿರಲಿಲ್ಲ. ಅವರಿಗೆ ಆ ಮಾತು ಹೇಗೆ ಕೇಳಿಸಿತು? ನೂಲುವುದು ಬೇಡವೆಂದೇ? ಅಥವಾ, ನಿಮ್ಮ ಬೆರಳುಗಳ ಆಯಾಸ ದೇವರಿಗೆ ಗೊತ್ತಿದೆ ಎಂದೇ? ಎರಡನೆಯದೇ ಸರಿಯೆಂದು ಈಗ ನಮಗೆ ತೋರುತ್ತದೆ. ಈ ತೋರಿಕೆಗೆ ಕಾರಣವಾದ ಸಂಗತಿಯನ್ನು ಹೇಳುತ್ತೇವೆ.

ಮೈಸೂರಿನಲ್ಲಿ ನಾವು ಕೆಲವು ಕುಟುಂಬದವರು ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಪ್ರಾರ್ಥನೆ ಮಾಡುವ ಪದ್ಧತಿ ಇದೆ. ಕ್ರಿಸ್ತಜಯಂತಿಯ ಸಮಯದಲ್ಲಿ ನಮ್ಮೊಳಗೆ ವಂತಿಗೆ ಎತ್ತಿ, ಬಡವರ ಮನೆಗಳಿಗೆ ಬಟ್ಟೆ ಹಂಚುವುದುಂಟು. ಕೆಲವು ವರ್ಷಗಳ ಹಿಂದೆ ನಮ್ಮಲ್ಲೊಬ್ಬರು, ಈ ಸಲ ಯಂತ್ರದ ಬಟ್ಟೆಯ ಬದಲು ಬದನವಾಳಿನ ಕೈನೂಲಿನ ಬಟ್ಟೆಯನ್ನೇ ಏಕೆ ಕೊಳ್ಳಬಾರದು ಎಂದರು. ನೂಲುವವರಿಗೂ ಕೂಲಿ, ಉಡುವವರಿಗೂ ಬಟ್ಟೆ, ಒಂದೇ ಹಣದಿಂದ ಎರಡು ಧರ್ಮ. ಮಾತು ಕಿವಿಗೆ ಇಂಪಾಗಿತ್ತು. ಲೆಕ್ಕ ಹಾಕಿದಾಗ ಇಂಪು ಇಳಿಯಿತು. ಕೈನೂಲಿನ ಬಟ್ಟೆಗೆ ಬೆಲೆ ಎರಡರಷ್ಟಕ್ಕಿಂತ ಹೆಚ್ಚು. ಮೂವತ್ತೆಂಟು ಮನೆಗಳಿಗೆ ಸಾಲುತ್ತಿದ್ದ ಹಣ ಹದಿನೇಳು ಮನೆಗಳಿಗೆ ಮುಗಿದುಹೋಗುತ್ತಿತ್ತು. ಉಳಿದ ಇಪ್ಪತ್ತೊಂದು ಮನೆಗಳ ಬಾಗಿಲಿಗೆ ಹೋಗಿ, ಅಮ್ಮಾ, ಈ ವರ್ಷ ನಾವು ತತ್ತ್ವಕ್ಕಾಗಿ ಖಾದಿ ಕೊಂಡೆವು, ನಿಮಗೆ ಏನೂ ಇಲ್ಲ ಎಂದು ಹೇಳುವವರು ಯಾರು?

ವಾದ ಬೆಳೆಯಿತು. ಹಣದ ಲೆಕ್ಕ ನಮ್ಮ ಕೈಯಲ್ಲಿದ್ದುದರಿಂದ, ಹೆಚ್ಚು ಜನಕ್ಕೆ ಉಪಕಾರವಾಗುವುದೇ ಕ್ರಿಸ್ತಧರ್ಮವೆಂದು ನಾವು ವಾದಿಸಿದೆವು. ಮಿಕ್ಕವರು, ಅಗ್ಗದ ಬಟ್ಟೆಯ ಬೆಲೆಯನ್ನು ಎಲ್ಲಿಯೋ ಯಾರೋ ತೆತ್ತಿರುತ್ತಾರೆಂದೂ, ಅವರು ಕಣ್ಣಿಗೆ ಬೀಳದಿದ್ದ ಮಾತ್ರಕ್ಕೆ ಇಲ್ಲವಾಗುವುದಿಲ್ಲವೆಂದೂ ಹೇಳಿದರು. ಕಡೆಗೆ, ದೇವರ ಪ್ರೇರಣೆಯನ್ನು ಬೇಡೋಣ, ಒಂದು ವಾರ ಪ್ರಾರ್ಥಿಸಿ ತರುವಾಯ ತೀರ್ಮಾನಿಸೋಣ ಎಂದು ಎದ್ದೆವು.

ಒಂದು ವಾರ ಪ್ರಾರ್ಥಿಸಿದೆವು. ಮುಂದಿನ ಸಲ ಸೇರಿದಾಗ ವಿಚಿತ್ರವೊಂದು ಕಂಡಿತು. ಯಂತ್ರದ ಬಟ್ಟೆಯ ಪಕ್ಷದವರಿಗೆಲ್ಲ ದೇವರು ಯಂತ್ರದ ಬಟ್ಟೆಯನ್ನೇ ಸೂಚಿಸಿದ್ದನು. ಖಾದಿಯ ಪಕ್ಷದವರಿಗೆಲ್ಲ ಖಾದಿಯನ್ನೇ ಸೂಚಿಸಿದ್ದನು. ನಗಬಾರದ ಸ್ಥಳದಲ್ಲಿ ನಾವೆಲ್ಲರೂ ನಕ್ಕುಬಿಟ್ಟೆವು.

ದೈವಪ್ರೇರಣೆಯ ವಿಷಯದಲ್ಲಿ ಇರುವ ದೊಡ್ಡ ಅಪಾಯವೇ ಇದು. ಕಳೆದ ಶತಮಾನದ ಇಪ್ಪತ್ತು ಮೂವತ್ತರ ದಶಕಗಳಲ್ಲಿ ಫ್ರಾಂಕ್ ಬುಕ್‌ಮನ್ ಎಂಬ ಅಮೆರಿಕದ ಬೋಧಕರು ಆಕ್ಸ್‌ಫರ್ಡ್ ಗ್ರೂಪ್ ಎಂಬ ಚಳವಳಿಯನ್ನು ನಡೆಸಿದರು. ಪ್ರತಿದಿನ ಬೆಳಿಗ್ಗೆ ಮೌನವಾಗಿ ಕುಳಿತು, ಮನಸ್ಸಿಗೆ ಬಂದುದನ್ನು ಪುಸ್ತಕದಲ್ಲಿ ಬರೆದುಕೊಂಡು, ಅದನ್ನು ದೇವರ ಮಾರ್ಗದರ್ಶನವೆಂದು ಅನುಸರಿಸುವುದು ಅವರ ಸಾಧನೆ. ಪ್ರಾಮಾಣಿಕತೆ, ಶುದ್ಧಿ, ನಿಸ್ಸ್ವಾರ್ಥತೆ, ಪ್ರೇಮ ಎಂಬ ನಾಲ್ಕು ಅಳತೆಗೋಲುಗಳಿಂದ ಅದನ್ನು ಒರೆಹಚ್ಚಬೇಕೆಂದು ಅವರು ಹೇಳಿದರು. ಅನೇಕರ ಬಾಳು ಅದರಿಂದ ತಿದ್ದಿತೆಂಬುದು ನಿಜ. ಆದರೆ ಮೌನದಲ್ಲಿ ಕುಳಿತವನಿಗೆ ತನ್ನ ಇಷ್ಟವೇ ದೇವರ ದನಿಯಾಗಿ ಕೇಳಿಸುವುದೂ ಸುಲಭ. ಮೌನವು ಸ್ವಚ್ಛವಾದ ಕನ್ನಡಿ. ಅದರಲ್ಲಿ ಮೊದಲು ಕಾಣುವುದು ನಮ್ಮ ಮುಖವೇ.

ಹಾಗಾದರೆ ಗುರುತಿಸುವ ಬಗೆ ಯಾವುದು? ನಮಗೆ ತಿಳಿದ ಒಳ್ಳೆಯ ದೃಷ್ಟಾಂತ ಜಾನ್ ವುಲ್ಮನ್ ಎಂಬ ದರ್ಜಿಯದು. 1720ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದ ಈತನು ಕ್ವೇಕರ್ ಪಂಥದವನು. ಯೌವನದಲ್ಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ, ಯಜಮಾನನು ತನ್ನ ನೀಗ್ರೋ ದಾಸಿಯೊಬ್ಬಳನ್ನು ಮಾರಿ, ಕ್ರಯಪತ್ರ ಬರೆಯೆಂದು ಇವನಿಗೆ ಹೇಳಿದನು. ಕೊಳ್ಳಲು ಬಂದವನೂ ಇವನ ಪಂಥದವನೇ ಆದ ಒಬ್ಬ ವೃದ್ಧ. ವುಲ್ಮನ್ ಪತ್ರವನ್ನು ಬರೆದನು. ಆದರೆ ಬರೆಯುವಾಗ ಮನಸ್ಸು ತಳಮಳಗೊಂಡಿತು. ದಾಸ್ಯವು ಕ್ರೈಸ್ತಧರ್ಮಕ್ಕೆ ಒಪ್ಪುವುದಲ್ಲವೆಂದು ಇಬ್ಬರ ಎದುರಿಗೂ ಹೇಳಿದನು. ಮುಂದೊಮ್ಮೆ ಅಂಥ ಪತ್ರವನ್ನು ಬರೆಯಬೇಕಾಗಿ ಬಂದಾಗ ಬರೆಯಲಿಲ್ಲ. ವ್ಯಾಪಾರ ಬೆಳೆದು ಮನಸ್ಸಿಗೆ ಭಾರವಾದಾಗ ವ್ಯಾಪಾರವನ್ನು ಬಿಟ್ಟು ದರ್ಜಿಯ ಕೆಲಸವನ್ನೂ ತನ್ನ ತೋಟವನ್ನೂ ಮಾತ್ರ ಉಳಿಸಿಕೊಂಡನು. ಕೊನೆಗೆ ಬಣ್ಣ ಹಾಕಿದ ಬಟ್ಟೆಯನ್ನು ಉಡುವುದನ್ನೂ ಬಿಟ್ಟನು. 1772ರಲ್ಲಿ ಇಂಗ್ಲೆಂಡಿಗೆ ಹೋಗಿ, ಯಾರ್ಕ್ ಪಟ್ಟಣದಲ್ಲಿ ಸಿಡುಬಿನಿಂದ ತೀರಿಕೊಂಡನು. ನಾಲ್ಕು ವರ್ಷಗಳ ತರುವಾಯ ಫಿಲಡೆಲ್ಫಿಯದ ಕ್ವೇಕರ್ ಸಭೆಯು ತನ್ನ ಸದಸ್ಯರಾರೂ ದಾಸರನ್ನು ಇಟ್ಟುಕೊಳ್ಳಕೂಡದೆಂದು ವಿಧಿಸಿತು.

ಈ ಚರಿತ್ರೆಯಲ್ಲಿ ನಾವು ಗಮನಿಸಬೇಕಾದ ಅಂಶ ಒಂದುಂಟು. ವುಲ್ಮನ್‌ಗೆ ಬಂದ ಪ್ರೇರಣೆಯೆಲ್ಲ ಅವನ ಲಾಭಕ್ಕೆ ವಿರೋಧವಾಗಿಯೇ ಬಂದಿತು. ಅದು ತಳಮಳದ ರೂಪದಲ್ಲಿ ಬಂದಿತೇ ಹೊರತು ಸಮಾಧಾನದ ರೂಪದಲ್ಲಿ ಅಲ್ಲ. ಮತ್ತೆ, ಅದಕ್ಕೆ ಬೆಲೆ ತೆತ್ತವನು ಅವನೇ, ಬೇರೆಯವರಲ್ಲ. ಇದನ್ನು ನಾವು ಆಗ ಓದಿದ್ದರೂ ನಮ್ಮ ಬಟ್ಟೆಯ ವಾದಕ್ಕೆ ಅನ್ವಯಿಸಿಕೊಳ್ಳುವ ಬುದ್ಧಿ ಬರಲಿಲ್ಲ.

ನಮ್ಮ ಕನ್ನಡನಾಡಿನಲ್ಲಿಯೇ ಬಟ್ಟೆಗೂ ಕ್ರೈಸ್ತರ ಬಾಳಿಗೂ ಹಳೆಯ ನಂಟಿದೆ. ಮಂಗಳೂರಿನ ಬಾಸೆಲ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮಗ್ಗಗಳನ್ನು ಹೂಡಿದರು, ತರುವಾಯ 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ದೀಕ್ಷೆ ಪಡೆದವರು ಜಾತಿಯಿಂದಲೂ ಕಸುಬಿನಿಂದಲೂ ಹೊರಬಿದ್ದು ಹೊಟ್ಟೆಗಿಲ್ಲದೆ ನಿಂತಾಗ, ಉಪದೇಶ ಮಾತ್ರದಿಂದ ಕೆಲಸ ನಡೆಯದೆಂದು ಅವರಿಗೆ ಅರಿವಾಯಿತು. ಹೀಗೆ ಕೂಲಿಯ ಪ್ರಶ್ನೆ ಧರ್ಮದ ಪ್ರಶ್ನೆಯಾಯಿತು. ಕಾರ್ಖಾನೆಯ ಯಜಮಾನನೂ ಸಭೆಯ ಯಜಮಾನನೂ ಒಬ್ಬನೇ ಆದಾಗ ಹುಟ್ಟುವ ತೊಡಕುಗಳೂ ಅದರೊಂದಿಗೆ ಬಂದವು. ಅದು ಬೇರೊಂದು ಭಾಷಣದ ವಿಷಯ.

ಬದನವಾಳಿನ ಚರಕಕ್ಕೂ ಕ್ರಿಸ್ತನ ಬೋಧೆಗೂ ಇರುವ ಸಂಬಂಧವನ್ನು ಎಲ್ಲರಿಗಿಂತ ಚೆನ್ನಾಗಿ ಕಂಡವರು ಜೆ. ಸಿ. ಕುಮಾರಪ್ಪನವರು. 1892ರಲ್ಲಿ ತಂಜಾವೂರಿನ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಇವರು ಲಂಡನ್ನಿನಲ್ಲಿ ಲೆಕ್ಕಪರಿಶೋಧನೆಯನ್ನೂ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರವನ್ನೂ ಕಲಿತವರು. ಮುಂಬಯಿಯಲ್ಲಿ ಒಳ್ಳೆಯ ಸಂಪಾದನೆ, ಪಾಶ್ಚಾತ್ಯ ಉಡುಪು. 1929ರಲ್ಲಿ ಸಾಬರಮತಿಯಲ್ಲಿ ಗಾಂಧೀಜಿಯವರನ್ನು ಕಂಡ ಮೇಲೆ ಎರಡನ್ನೂ ಬಿಟ್ಟರು. 1934ರಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಹುಟ್ಟಿದಾಗ ಅದರ ಭಾರವನ್ನು ಹೊತ್ತವರು ಇವರೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಬಲ್ಪುರದ ಸೆರೆಮನೆಯಲ್ಲಿದ್ದುಕೊಂಡು ಎರಡು ಪುಸ್ತಕಗಳನ್ನು ಬರೆದರು. ಒಂದು ಯೇಸುವಿನ ಆಚರಣೆ ಮತ್ತು ಬೋಧೆಗಳನ್ನು ಕುರಿತದ್ದು, ಇನ್ನೊಂದು ಶಾಶ್ವತವಾದ ಅರ್ಥವ್ಯವಸ್ಥೆಯನ್ನು ಕುರಿತದ್ದು. ಎರಡಕ್ಕೂ ಗಾಂಧೀಜಿಯವರೇ ಮುನ್ನುಡಿ ಬರೆದರು. ಒಂದೇ ಸೆರೆಮನೆಯಲ್ಲಿ ಒಂದೇ ಲೇಖನಿಯಿಂದ ಧರ್ಮಗ್ರಂಥವೂ ಅರ್ಥಗ್ರಂಥವೂ ಹೊರಬಂದುದು ಆಕಸ್ಮಿಕವಲ್ಲ. ಕುಮಾರಪ್ಪನವರ ದೃಷ್ಟಿಯಲ್ಲಿ ಅವೆರಡೂ ಬೇರೆಯಾಗಿರಲಿಲ್ಲ. ಹುಲಿ ಕೊಂದು ತಿನ್ನುತ್ತದೆ, ಕೋತಿ ತಾನು ನೆಡದ ಮರದ ಹಣ್ಣನ್ನು ಕೀಳುತ್ತದೆ, ಜೇನುನೊಣ ತನ್ನ ಹಿಂಡಿಗಾಗಿ ದುಡಿಯುತ್ತದೆ, ತಾಯಿಹಕ್ಕಿ ಯಾವ ಪ್ರತಿಫಲವನ್ನೂ ಎಣಿಸದೆ ಮರಿಗೆ ಗುಟುಕು ಕೊಡುತ್ತದೆ. ಮನುಷ್ಯನ ಅರ್ಥವ್ಯವಹಾರವೂ ಈ ಮೆಟ್ಟಿಲುಗಳಲ್ಲಿ ಎಲ್ಲಿ ನಿಂತಿದೆಯೆಂದು ನೋಡಿಕೊಳ್ಳಬೇಕೆಂಬುದು ಅವರ ವಿಚಾರ. 1960ನೆಯ ಇಸವಿ ಜನವರಿ 30ರಂದು, ಗಾಂಧೀಜಿ ತೀರಿಕೊಂಡ ದಿನದಂದೇ, ಅವರೂ ತೀರಿಕೊಂಡರು.

ಖಾದಿಗೆ ಬೆಲೆ ಹೆಚ್ಚು ಎಂಬ ನಮ್ಮ ಆಕ್ಷೇಪಣೆಯೂ ಹೊಸದಲ್ಲ. 1935ರಲ್ಲಿ ಅಖಿಲ ಭಾರತ ಚರಕ ಸಂಘವು ನೂಲುವವರ ಕೂಲಿಯನ್ನು ಹೆಚ್ಚಿಸಬೇಕೆಂದು ಗೊತ್ತುಮಾಡಿತು. ಎಂಟು ಗಂಟೆಯ ದುಡಿಮೆಗೆ ಎಂಟಾಣೆ ದೊರೆಯಬೇಕೆಂಬುದು ಗಾಂಧೀಜಿಯವರ ಆದರ್ಶ. ಕೂಲಿ ಏರಿದರೆ ಬಟ್ಟೆಯ ಬೆಲೆ ಏರುವುದು, ಕೊಳ್ಳುವವರು ತಪ್ಪಿಹೋಗುವರು ಎಂದು ಕಾರ್ಯಕರ್ತರೇ ಹೆದರಿದರು. ನಮಗೆ ಇಲ್ಲಿ ನೆನಪಾಗುವುದು ದ್ರಾಕ್ಷೆಯ ತೋಟದ ಸಾಮ್ಯ. ಬೆಳಿಗ್ಗೆ ಬಂದವನಿಗೂ ಸಂಜೆ ಬಂದವನಿಗೂ ಯಜಮಾನನು ಒಂದೇ ನಾಣ್ಯ ಕೊಟ್ಟ ಕಥೆ ಅದು. ಅದನ್ನು ಕೇಳಿದ ಲೆಕ್ಕಿಗರು ಯಾರೇ ಆಗಲಿ ಮುಖ ಸಿಂಡರಿಸಬೇಕು. ಸಂಜೆ ಬಂದವನ ಮನೆಯಲ್ಲಿಯೂ ಮಕ್ಕಳಿಗೆ ಅಷ್ಟೇ ಹಸಿವು ಎಂಬುದು ಲೆಕ್ಕದ ಪುಸ್ತಕದಲ್ಲಿ ಬರೆಯುವ ಸಂಗತಿಯಲ್ಲವಷ್ಟೆ.

ನಮ್ಮ ವಾದ ತೀರದಿದ್ದಾಗ, ಸಭೆಯ ಅಯ್ಯನವರು, ಒಮ್ಮೆ ಹೋಗಿ ನೋಡಿಕೊಂಡಾದರೂ ಬನ್ನಿ ಎಂದರು. ಎರಡು ಪಕ್ಷದಿಂದ ಇಬ್ಬಿಬ್ಬರು ಹೊರಟೆವು. 2015ರ ಏಪ್ರಿಲ್‌ನಲ್ಲಿ ರಂಗನಿರ್ದೇಶಕ ಪ್ರಸನ್ನ ಅವರು ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಿದ್ದು ಇದೇ ಸ್ಥಳದಲ್ಲಿ. ಆ ಹೊತ್ತಿಗೆ ಕೇಂದ್ರ ಬಹಳ ಕ್ಷೀಣಿಸಿತ್ತು. ಹಳೆಯ ಹೆಂಚಿನ ಕಟ್ಟಡಗಳು, ಮರದ ನೆರಳು, ದೊಡ್ಡ ಸದ್ದಿಲ್ಲದ ಕೆಲಸ. ನಾವು ಹೋದಾಗ ನೂಲುತ್ತಿದ್ದವರು ಕೆಲವೇ ಹೆಂಗಸರು. ಅವರಲ್ಲಿ ವಯಸ್ಸಾದವರೊಬ್ಬರ ಬಳಿ ಕುಳಿತೆವು. ದಾರ ಕಡಿದಾಗ ಅವರು ಚಕ್ರವನ್ನು ನಿಲ್ಲಿಸಿ, ಎರಡು ತುದಿಗಳನ್ನು ಬೆರಳಿನಲ್ಲಿ ಹೊಸೆದು, ಮತ್ತೆ ತಿರುಗಿಸುತ್ತಿದ್ದರು. ಅಷ್ಟು ಹೊತ್ತಿನಲ್ಲಿ ಹದಿನೈದು ಇಪ್ಪತ್ತು ಸಲ ಕಡಿದಿರಬಹುದು. ಒಮ್ಮೆಯೂ ಅವರ ಮುಖದಲ್ಲಿ ಬೇಸರ ಕಾಣಲಿಲ್ಲ.

ಬಂದ ಕಾರಣವನ್ನು ಅವರು ಕೇಳಿದರು. ಹಬ್ಬಕ್ಕೆ ಬಡವರಿಗೆ ಹಂಚಲು ಬಟ್ಟೆ ಕೊಳ್ಳಬೇಕೆಂದಿದ್ದೇವೆ, ಆದರೆ ಬೆಲೆ ಹೆಚ್ಚಾಯಿತು ಎಂದೆವು. ಆಕೆ ಚಕ್ರವನ್ನು ನಿಲ್ಲಿಸಿದರು.

“ಬಡವ್ರಿಗಾ? ನಾವೂ ಬಡವ್ರೇ ಅಲ್ವಾ ಸ್ವಾಮಿ? ನೀವು ಉಟ್ಕೊಳ್ಳಾಕಿಲ್ವಾ?”

ಇದರಲ್ಲಿ ವ್ಯಂಗ್ಯವಿರಲಿಲ್ಲ. ತಿಳಿಯದೆ ಕೇಳಿದ ಪ್ರಶ್ನೆ. ನಾವು ನಾಲ್ವರೂ ನಮ್ಮ ನಮ್ಮ ಅಂಗಿಗಳನ್ನು ನೋಡಿಕೊಂಡೆವು. ಖಾದಿಯ ಪಕ್ಷ ವಹಿಸಿ ಎರಡು ವಾರ ವಾದಿಸಿದ್ದವರ ಮೈಮೇಲೂ ಇದ್ದದ್ದು ಯಂತ್ರದ ಬಟ್ಟೆಯೇ! ತತ್ತ್ವ ನಮ್ಮದು, ಅದಕ್ಕೆ ತೆರಬೇಕಾದ ಬೆಲೆ ಮಾತ್ರ ಇಪ್ಪತ್ತೊಂದು ಬಡಮನೆಗಳದು. ಇಂಥ ಏರ್ಪಾಟನ್ನು ದೇವರ ಮುಂದಿಟ್ಟು, ಯಾವುದು ಸರಿಯೆಂದು ಒಂದು ವಾರ ಕೇಳಿದ್ದೆವು. ಉತ್ತರ ಬರದಿದ್ದುದರಲ್ಲಿ ಆಶ್ಚರ್ಯವೇನು?

ದಾರಿಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ನಂಜನಗೂಡು ಬಂದ ಮೇಲೆ ನಮ್ಮಲ್ಲೊಬ್ಬರು ಇನ್ನೊಂದು ಪ್ರಶ್ನೆಯನ್ನೆತ್ತಿದರು. ಬಟ್ಟೆ ಪಡೆಯುವ ಮೂವತ್ತೆಂಟು ಮನೆಯವರಿಗೆ ಯಾವ ಬಟ್ಟೆ ಬೇಕು ಎಂದು ನಾವು ಎಂದಾದರೂ ಕೇಳಿದ್ದೇವೆಯೇ? ಕೇಳಿರಲಿಲ್ಲ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಆ ಭಾನುವಾರ ಆರಾಧನೆ ಮುಗಿದ ಮೇಲೆ ಮನೆಮನೆಗೆ ಹೋದೆವು. ಒಬ್ಬ ಅಜ್ಜಿ, ದಪ್ಪ ಬಟ್ಟೆ ನೆನೆದರೆ ಹಿಂಡಲು ತೋಳಿನಲ್ಲಿ ಶಕ್ತಿಯಿಲ್ಲ, ತೆಳುವಾದುದನ್ನೇ ಕೊಡಿ ಎಂದರು. ಒಬ್ಬರು, ಬಟ್ಟೆ ಇದೆ, ಮಗಳ ಕನ್ನಡಕದ ಗಾಜು ಒಡೆದಿದೆ ಎಂದರು. ಕೆಲವರು ನಾವು ಕೊಟ್ಟ ಹಿಂದಿನ ವರ್ಷದ ಸೀರೆಯನ್ನು ಮಡಿಕೆ ಬಿಚ್ಚದೆ ಇಟ್ಟಿದ್ದರು. ಒಂದೇ ಬಣ್ಣದ ಸೀರೆಯನ್ನು ಮೂವತ್ತೆಂಟು ಜನಕ್ಕೆ ಕೊಟ್ಟಿದ್ದೆವು. ಅದನ್ನುಟ್ಟು ಬೀದಿಗೆ ಬಂದರೆ ಧರ್ಮದ ಸೀರೆಯೆಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ಎಡಗೈ ಅರಿಯದಂತೆ ಬಲಗೈ ಕೊಡಬೇಕೆಂಬ ಬೋಧೆಯನ್ನು ಕಂಠಪಾಠ ಮಾಡಿದ್ದ ನಾವು, ಇಡೀ ಬೀದಿಗೆ ತಿಳಿಯುವಂತೆ ಕೊಟ್ಟಿದ್ದೆವು.

ಇಷ್ಟಾದ ಮೇಲೆ ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಡವರ ನಿಧಿಯಿಂದ ಅವರವರು ಕೇಳಿದ್ದನ್ನೇ ಕೊಂಡೆವು, ಕನ್ನಡಕವೂ ಸೇರಿ. ಬದನವಾಳಿನ ಬಟ್ಟೆಯನ್ನು ನಮ್ಮ ನಮ್ಮ ಹಣದಿಂದ ನಮಗಾಗಿ ಕೊಂಡೆವು. ಆ ವರ್ಷದ ಹಬ್ಬಕ್ಕೆ ನಮ್ಮ ಮನೆಗಳಲ್ಲಿ ಹೊಸ ಉಡುಪು ಹಿಂದಿನಷ್ಟು ಆಗಲಿಲ್ಲ. ಮಕ್ಕಳು ಸ್ವಲ್ಪ ಗೊಣಗಿದರು. ಅವರ ಗೊಣಗಾಟ ನ್ಯಾಯವೇ. ಪ್ರೇರಣೆ ನಮಗೆ ಬಂದಿತ್ತು, ಅವರಿಗಲ್ಲ.

ಬದನವಾಳಿನ ಮಾತನ್ನು ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುವುದು. ಗಾಂಧೀಜಿ ನಡೆದಾಡಿದ ಅದೇ ಊರಿನಲ್ಲಿ 1993ರ ಮಾರ್ಚ್‌ನಲ್ಲಿ, ದೇವಸ್ಥಾನದ ಪ್ರವೇಶದಿಂದ ಎದ್ದ ವೈಷಮ್ಯದಲ್ಲಿ, ಮೂವರು ದಲಿತರ ಕೊಲೆಯಾಯಿತು. ಚರಕ ತಿರುಗಿದ ಮಾತ್ರಕ್ಕೆ ಊರಿನ ಹೃದಯ ತಿರುಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಘೋರವಾದ ಸಾಕ್ಷಿ ಬೇಡ. ಕ್ರೈಸ್ತರಾದ ನಾವು ಇದನ್ನು ಪರರ ದೋಷವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ದಕ್ಷಿಣದೇಶದ ಎಷ್ಟೋ ಸಭೆಗಳಲ್ಲಿ ಜಾತಿಗೊಂದು ಸಾಲು, ಜಾತಿಗೊಂದು ಸ್ಮಶಾನದ ಮೂಲೆ ಇದ್ದುದು ಚರಿತ್ರೆ. ಕ್ರಿಸ್ತನು ಶಿಲುಬೆಗೇರುವಾಗ ತೊಟ್ಟಿದ್ದ ಅಂಗಿಗೆ ಹೊಲಿಗೆಯಿರಲಿಲ್ಲ, ಮೇಲಿನಿಂದ ಕೆಳಗಿನವರೆಗೆ ಒಂದೇ ನೇಯ್ಗೆ ಎಂದು ಯೋಹಾನನು ಬರೆದಿಟ್ಟಿದ್ದಾನೆ. ಸಿಪಾಯಿಗಳೂ ಅದನ್ನು ಹರಿಯಲು ಮನಸ್ಸಾಗದೆ ಚೀಟಿ ಹಾಕಿದರು. ನಾವು ಹರಿದೆವು.

ನಮ್ಮ ಚಿಕ್ಕ ಕೂಟದಲ್ಲಿ ಈ ಮಾತು ಬಂದಾಗ, ಬಟ್ಟೆ ಹಂಚುವ ಪಟ್ಟಿಯಲ್ಲಿರುವವರಲ್ಲಿ ಯಾರನ್ನಾದರೂ ನಮ್ಮ ವಾರದ ಪ್ರಾರ್ಥನೆಗೆ ಕರೆದಿದ್ದೇವೆಯೇ ಎಂದು ಅಯ್ಯನವರು ಕೇಳಿದರು. ಬಟ್ಟೆಯ ಪ್ರಶ್ನೆಗಿಂತ ಈ ಪ್ರಶ್ನೆ ನಮಗೆ ಕಷ್ಟವಾಯಿತು. ಕೊಡುವುದು ಸುಲಭ, ಜೊತೆಯಲ್ಲಿ ಕೂರುವುದು ಕಷ್ಟ. ಈಗ ಮೂರು ಮನೆಯವರು ಬರುತ್ತಾರೆ. ಮೊದಮೊದಲು ಅವರು ಬಾಗಿಲ ಬಳಿ ಕೂರುತ್ತಿದ್ದರು. ತೆಳುವಾದ ಸೀರೆ ಕೇಳಿದ ಅಜ್ಜಿಯೇ ಒಂದು ದಿನ ನಡುವಿನ ಕುರ್ಚಿಯಲ್ಲಿ ಕುಳಿತು, ಅಯ್ಯಾ, ಈ ವಾರ ಯಾರ ಸರದಿ ಪ್ರಾರ್ಥನೆಗೆ ಎಂದು ಕೇಳಿ, ಯಾರೂ ಉತ್ತರ ಕೊಡುವ ಮೊದಲೇ ಕಣ್ಣು ಮುಚ್ಚಿ ತಾವೇ ಪ್ರಾರಂಭಿಸಿಬಿಟ್ಟರು. ಅವರ ಪ್ರಾರ್ಥನೆ ದೀರ್ಘವಾಗಿತ್ತು. ಅದರಲ್ಲಿ ನಮ್ಮ ಮಕ್ಕಳ ಹೆಸರುಗಳೆಲ್ಲ ಬಂದವು. ಅವರ ಮೊಮ್ಮಕ್ಕಳ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈ ವರ್ಷದ ಹಬ್ಬದ ಪಟ್ಟಿ ಇನ್ನೂ ಸಿದ್ಧವಾಗಿಲ್ಲ. ಅದನ್ನು ಬರೆಯುವ ಕೆಲಸವನ್ನು ಅಜ್ಜಿಯ ವಶಕ್ಕೆ ಕೊಟ್ಟಿದ್ದೇವೆ. ಮೊದಲ ಹೆಸರು ನಮ್ಮದನ್ನೇ ಹಾಕಿಸುವೆನೆಂದು ಅವರು ಹೆದರಿಸುತ್ತಿದ್ದಾರೆ.